ಸಾಲುಗಳ ನಡುವಿನ ಐರಿಷ್

ಇಂಗ್ಲಿಷ್ ಪಾಠದ ಮೇಲೆಲ್ಲ ಪೆನ್ಸಿಲಿನಲ್ಲಿ ಕನ್ನಡ ಅರ್ಥ ಗೀಚಿ ಮಗ ಪುಸ್ತಕ ಕೆಡಿಸುತ್ತಾನೆಂದು ಪೋಷಕರು ದೂರುವುದುಂಟು. 9ನೆಯ ಶತಮಾನದ ಐರಿಷ್ ಸಂನ್ಯಾಸಿಗಳೂ ಹೀಗೇ ಗೀಚಿದರು. ಪ್ರಿಸಿಯನ್ ಎಂಬಾತನ ಲ್ಯಾಟಿನ್ ವ್ಯಾಕರಣವನ್ನು ನಕಲು ಮಾಡಿಕೊಂಡು, ಸಾಲುಗಳ ನಡುವೆ ಸಣ್ಣ ಅಕ್ಷರಗಳಲ್ಲಿ ತಮ್ಮ ನುಡಿಯಲ್ಲೇ ಅರ್ಥ ಬರೆದರು. ಅಂಥವು 3,000ಕ್ಕೂ ಹೆಚ್ಚು! ಐರಿಷ್ ವೀರಕಥೆಗಳ ಉಳಿದಿರುವ ಹಸ್ತಪ್ರತಿಗಳು ಸುಮಾರು 1100ರಿಂದ ಈಚಿನವು. ಅಷ್ಟರಲ್ಲಿ ಭಾಷೆಯೇ ಬದಲಾಗಿತ್ತು. 1853ರಲ್ಲಿ ಜರ್ಮನ್ ವಿದ್ವಾಂಸ ತ್ಸೊಯ್ಸ್ ಪ್ರಾಚೀನ ಐರಿಷ್‌ನ ವ್ಯಾಕರಣ ಕಟ್ಟಿದ್ದು ಮುಖ್ಯವಾಗಿ ಇಂಥ ಟಿಪ್ಪಣಿಗಳಿಂದ. ಮೂಲಪ್ರತಿ ಸ್ವಿಟ್ಜರ್ಲೆಂಡಿನ ಸೇಂಟ್ ಗಾಲ್ ಮಠದ ಗ್ರಂಥಾಲಯದಲ್ಲಿದೆ, ಸಂಖ್ಯೆ 904. ಪುಟಗಳು ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಮಕ್ಕಳೊಡನೆ ಕುಳಿತು ಹಿಗ್ಗಿಸಿ ನೋಡಿ. ಕೆಲವು ಅಂಚುಗಳಲ್ಲಿ ಬರೀ ಗೀಟುಗಳಿಂದಾದ ಓಘಮ್ ಲಿಪಿಯೂ ಇದೆ.