ಹರಿದ ಸ್ಪೀಕರಿನ ದನಿ ಯಾರದು?

ನಮ್ಮ ಹುಡುಗರು ಮನೆಯ ಕಂಪ್ಯೂಟರಿನಲ್ಲಿ ಎಲೆಕ್ಟ್ರಿಕ್ ಗಿಟಾರ್ ಮುದ್ರಿಸಿಕೊಳ್ಳುವುದನ್ನು ಕಂಡರೆ ಎರಡು ಬಗೆಯ ಜನ ಉಪದೇಶಕ್ಕೆ ನಿಲ್ಲುತ್ತಾರೆ. ಒಬ್ಬರು, 'ಇದು ಸಾಮ್ರಾಜ್ಯಶಾಹಿ ವಾದ್ಯ ಕಣಯ್ಯಾ, ತಮಟೆ ಬಿಟ್ಟು ಇದ್ಯಾಕೆ?' ಅಂತಾರೆ. ಇನ್ನೊಬ್ಬರು, 'ಕಂಪ್ಯೂಟರ್ ಬಂತಲ್ಲ, ಇನ್ನು ಜಾತಿ ಎಲ್ಲಿದೆ? ಪ್ರತಿಭೆ ಇದ್ದೋನು ಗೆಲ್ತಾನೆ' ಅಂತಾರೆ. ಇಬ್ಬರಿಗೂ ಈ ವಾದ್ಯದ ಚರಿತ್ರೆ ಬೇಕಿಲ್ಲ.

1951ರ ಮಾರ್ಚ್, ಅಮೆರಿಕದ ಮೆಂಫಿಸ್. ಐಕ್ ಟರ್ನರನ ಕಪ್ಪು ಹುಡುಗರ ತಂಡ 'ರಾಕೆಟ್ 88' ಹಾಡು ಮುದ್ರಿಸಲು ಬಂತು. ಗಿಟಾರಿನ ವಿಲ್ಲೀ ಕಿಜಾರ್ಟನ ಆಂಪ್ಲಿಫೈಯರ್ ದಾರಿಯಲ್ಲೇ ಪೆಟ್ಟು ತಿಂದಿತ್ತು. ಸ್ಟುಡಿಯೋದ ಸ್ಯಾಮ್ ಫಿಲಿಪ್ಸ್ ಕೆಟ್ಟ ಸ್ಪೀಕರಿಗೆ ಕಾಗದ ತುರುಕಿ ಹಾಗೇ ನುಡಿಸಿದ. ಆ ಗೊರಗೊರ ಒಡಕು ದನಿಯ ಹಾಡು ರಿದಮ್ ಅಂಡ್ ಬ್ಲೂಸ್ ಪಟ್ಟಿಯ ತುದಿಗೇರಿತು. ತಟ್ಟೆಯ ಮೇಲೆ ಮಾತ್ರ ಟರ್ನರನ ತಂಡದ ಹೆಸರೇ ಇರಲಿಲ್ಲ. ಹಾಡಿದವನ ಹೆಸರು, ಜೊತೆಗೊಂದು ಬೇರೆ ತಂಡದ ಹೆಸರು. ದನಿ ದುಡಿದವನದು, ಹೆಸರು ಹಚ್ಚಿದವನದು!

1958ರಲ್ಲಿ ಶಾನೀ ಮೂಲನಿವಾಸಿ ಮೂಲದ ಲಿಂಕ್ ರೇ ತನ್ನ ಸ್ಪೀಕರನ್ನು ಪೆನ್ಸಿಲಿನಿಂದ ಚುಚ್ಚಿ 'ರಂಬಲ್' ನುಡಿಸಿದ. ಅದರಲ್ಲಿ ಒಂದು ಪದವೂ ಇಲ್ಲ. ಆದರೂ ಕೆಲವು ರೇಡಿಯೋ ನಿಲಯಗಳು ಅದನ್ನು ನಿಷೇಧಿಸಿದವು. ಬಲ್ಲಿದರು ಮಾತಿಗಷ್ಟೇ ಅಲ್ಲ, ಸದ್ದಿಗೂ ಹೆದರುತ್ತಾರೆ. ಅದೇ ಲಿಂಕ್ ರೇ ಮೇರಿಲ್ಯಾಂಡಿನ ಕೋಳಿಗೂಡೊಂದರಲ್ಲಿದ್ದ ಮೂರು ಟ್ರ್ಯಾಕಿನ ಸ್ಟುಡಿಯೋದಲ್ಲಿ ಮುದ್ರಿಸಿದ ತಟ್ಟೆ 1971ರಲ್ಲಿ ಹೊರಬಂತು. ತಾಳಕ್ಕೆ ನೆಲ ತುಳಿದರು, ಮೊಳೆ ತುಂಬಿದ ಡಬ್ಬಿ ಅಲ್ಲಾಡಿಸಿದರು.

ಆ ಹರಿದ ಸ್ಪೀಕರಿನ ದನಿಯನ್ನೇ ಬಂಡವಾಳಶಾಹಿ ಇವತ್ತು ತಂತ್ರಾಂಶ ಮಾಡಿ, ಬೆಲೆ ಕಟ್ಟಿ ನಮಗೆ ಮಾರುತ್ತಿದೆ. ಹೇಳಿ, ಇದು ಯಾರ ವಾದ್ಯ? 1972ರಲ್ಲಿ ಮುಂಬಯಿಯ ದಲಿತ ಪ್ಯಾಂಥರುಗಳು ಅಮೆರಿಕದ ಕಪ್ಪು ಜನರ ಹೋರಾಟದಿಂದ ತಮ್ಮ ಹೆಸರನ್ನೇ ಪಡೆದರು. ನಾವು ಗಿಟಾರ್ ಪಡೆದರೆ ಮೈಲಿಗೆಯೇ? ತಮಟೆ ಬಿಡಿ ಎಂದು ಯಾರು ಹೇಳಿದರು? ಎರಡೂ ಇರಲಿ.

ಇನ್ನು ಪ್ರತಿಭೆಯ ಮಾತು. ಮೈಕಿನ ಮುಂದೆ ಯಾವತ್ತೂ ಒಬ್ಬ ಕಾವಲುಗಾರ ಇದ್ದಾನೆ. ನಮ್ಮ ರೇಡಿಯೋ 1940ರಲ್ಲಿ ಹಾರ್ಮೋನಿಯಂ ಅನ್ನೇ ಹೊರಗಿಟ್ಟಿತು. 1971ರವರೆಗೆ ಬಾಗಿಲು ಸಡಿಲಲಿಲ್ಲ. ಜನ ಅಷ್ಟು ಮೆಚ್ಚಿದ ವಾದ್ಯದ ಗತಿಯೇ ಹೀಗಾದರೆ ಕೇರಿಯ ದನಿಯ ಪಾಡೇನು?

ಮನೆಯ ಕಂಪ್ಯೂಟರ್ ಆ ಕಾವಲುಗಾರನನ್ನು ಒಂದಿಷ್ಟು ಬದಿಗೆ ಸರಿಸಿದೆ, ನಿಜ. ಆದರೆ ಗಿಟಾರಿಗೆ ಕಾಸು ಬೇಕು, ಕಂಪ್ಯೂಟರಿಗೆ ಕಾಸು ಬೇಕು. ಒಂದೇ ಕೋಣೆಯಲ್ಲಿ ಆರು ಜನ ಮಲಗುವ ಮನೆಯಲ್ಲಿ ಸ್ಟುಡಿಯೋ ಎಲ್ಲಿಂದ ಬಂತು? ಇಲ್ಲೇ ಈ ವಾದ್ಯ ನಮ್ಮ ಕೈಹಿಡಿಯುತ್ತದೆ. ಉಕ್ಕಿನ ತಂತಿ ಅಯಸ್ಕಾಂತದ ಮೇಲೆ ಕಂಪಿಸಿದರೆ ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಇಂಟರ್‌ಫೇಸ್ ಎಂಬ ಪುಟ್ಟ ಪೆಟ್ಟಿಗೆ ಅದನ್ನು ಸೆಕೆಂಡಿಗೆ 44,100 ಸಲ ಅಳೆದು, ಅಂಕಿ ಮಾಡಿ ಕಂಪ್ಯೂಟರಿಗೆ ಕೊಡುತ್ತದೆ. ಮೈಕೇ ಇಲ್ಲದ ಮೇಲೆ ಮಗು ಅತ್ತರೂ, ಪಾತ್ರೆ ಬಿದ್ದರೂ ಚಿಂತೆಯಿಲ್ಲ. ಕಿವಿಗೆ ಹೆಡ್‌ಫೋನ್ ಇದ್ದರೆ ಸಾಕು. ದನಿಯ ಮಟ್ಟ ಕೆಂಪು ದೀಪ ಮುಟ್ಟದಂತೆ ಇಡಬೇಕು. ನುಡಿಸಿದ್ದು ತಡವಾಗಿ ಕೇಳಿದರೆ ಬಫರ್ ಇಳಿಸಬೇಕು. ಆಡಾಸಿಟಿಯಂಥ ತಂತ್ರಾಂಶಕ್ಕೆ ಕಾಸಿಲ್ಲ. ಇದರಲ್ಲಿ ಮಂತ್ರವಿಲ್ಲ, ಜನಿವಾರ ಬೇಕಿಲ್ಲ. ಒಬ್ಬನಿಂದ ಆಗದಿದ್ದರೆ ಹತ್ತು ಜನ ಸೇರಿ ಒಂದು ಪೆಟ್ಟಿಗೆ ಕೊಳ್ಳಿ. ಹಾಸ್ಟೆಲಿನಿಂದ ಹಾಸ್ಟೆಲಿಗೆ ಅದು ಓಡಾಡಲಿ. ಮೇಷ್ಟ್ರುಗಳೇ, ಶಾಲೆಯ ಕಂಪ್ಯೂಟರಿನ ಬೀಗ ಸಂಜೆ ಒಂದು ಗಂಟೆ ತೆಗೆದಿಡಿ.

ಇನ್ನೊಂದು ಮಾತು, ಇದೇ ಮುಖ್ಯ. 1957ರ ನಮ್ಮ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ, ಧ್ವನಿಮುದ್ರಣಕ್ಕೆ ತಾನೇ ಮುಂದಾಗಿ ಅದರ ಹೊಣೆ ಹೊತ್ತವನೇ ನಿರ್ಮಾಪಕ. ಮುದ್ರಣದ ಮೊದಲ ಹಕ್ಕು ಅವನದು. ಪ್ರಕಟವಾದ ಮೇಲೆ 60 ವರ್ಷ ಅದು ಉಳಿಯುತ್ತದೆ. ಅಂದರೆ, ಯಾರದೋ ಸ್ಟುಡಿಯೋಕ್ಕೆ ಹೋಗಿ ಹಾಡಿ, ಕೂಲಿ ತಗೊಂಡು ಬಂದರೆ ನೀನು ಕೂಲಿಯವನು. ನೀನೇ ಮುದ್ರಿಸಿದರೆ ಒಡೆಯ. ಹೊಲದ ವಿಷಯದಲ್ಲಿ ನಾವು ಕೇಳಿದ್ದೂ ಇದನ್ನೇ ಅಲ್ಲವೇ?

ಆದ್ದರಿಂದ ಗೆಳೆಯರೇ, ನುಡಿಸುವುದನ್ನಷ್ಟೇ ಕಲಿತು ನಿಲ್ಲಬೇಡಿ. ಮುದ್ರಿಸುವುದನ್ನೂ ಕಲಿಯಿರಿ. ತಂಡದಲ್ಲಿ ದುಡಿದ ಪ್ರತಿಯೊಬ್ಬರ ಹೆಸರನ್ನೂ ಬರೆದಿಡಿ, ಹಕ್ಕಿನ ಕಾಗದಕ್ಕೆ ಓದದೆ ಸಹಿ ಹಾಕಬೇಡಿ. ದನಿ ನಮ್ಮದು. ಅದರ ಪಟ್ಟಾ ಪುಸ್ತಕವೂ ನಮ್ಮ ಕೈಯಲ್ಲೇ ಇರಲಿ.