ಎದುರಾಳಿಯನ್ನೇ ಮಾರಿಕೊಂಡವರು

ಅಮೆರಿಕದ ಕಾಲೇಜು ಫುಟ್‌ಬಾಲಿನ ಹಳೇ ಅಭಿಮಾನಿಗಳನ್ನು ಗೇಲಿ ಮಾಡುವುದು ಸುಲಭ. ಐವತ್ತು ವರ್ಷ ಹಿಂದಿನ ಒಂದು ಮಧ್ಯಾಹ್ನವನ್ನೇ ಜಪಿಸುತ್ತ ಕೂತಿರುತ್ತಾರೆ, ಕಾಲ ಬದಲಾದದ್ದು ಅವರಿಗೆ ಗೊತ್ತಾಗುವುದಿಲ್ಲ ಎಂಬುದು ಟಿವಿ ಹಣದ ಪರ ವಾದಿಸುವವರ ಮಾಮೂಲಿ ಮಾತು. ಆದರೆ ಈ ಜಗಳದಲ್ಲಿ ಲೆಕ್ಕ ಸರಿಯಾಗಿ ಇಟ್ಟವರು ಆ ಮುದುಕರೇ.

ಆ ಮಧ್ಯಾಹ್ನ ಯಾವುದು? 1971ರ ನವೆಂಬರ್ 25, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ, ಓಕ್ಲಹೋಮದ ನಾರ್ಮನ್ ಎಂಬ ಊರು. ಒಂದನೇ ಸ್ಥಾನದ ನೆಬ್ರಾಸ್ಕ, ಎರಡನೇ ಸ್ಥಾನದ ಓಕ್ಲಹೋಮ; ಎರಡೂ ಆ ವರ್ಷ ಸೋಲು ಕಾಣದ ತಂಡಗಳು. ಆಟ ನಮಗೆ ಗೊತ್ತಿರುವ ಫುಟ್‌ಬಾಲ್ ಅಲ್ಲ, ಮೊಟ್ಟೆಯಾಕಾರದ ಚೆಂಡನ್ನು ಎದೆಗವಚಿಕೊಂಡು ಓಡುವಂಥದ್ದು. ಶುರುವಾದ ಕೆಲವೇ ನಿಮಿಷಕ್ಕೆ ನೆಬ್ರಾಸ್ಕದ ಜಾನಿ ರಾಜರ್ಸ್, ಎದುರಾಳಿಗಳು ಒದ್ದ ಚೆಂಡನ್ನು ಹಿಡಿದು, ಮುಗ್ಗರಿಸಿ, ಸಾವರಿಸಿಕೊಂಡು, 72 ಗಜ ಓಡಿ ಟಚ್‌ಡೌನ್ ಮಾಡಿದ. ಆ ಓಟದಲ್ಲಿ ನೆಬ್ರಾಸ್ಕದವನೊಬ್ಬ ಹಿಂದಿನಿಂದ ಅಡ್ಡಗಟ್ಟಿದ, ಅದು ಫೌಲ್ ಎಂದು ಓಕ್ಲಹೋಮದವರು ಇವತ್ತಿಗೂ ವಾದಿಸುತ್ತಾರೆ. ಇಲ್ಲವೇ ಇಲ್ಲ ಎಂದು ನೆಬ್ರಾಸ್ಕದವರು. 11 ಅಂಕ ಹಿಂದೆ ಬಿದ್ದಿದ್ದ ಓಕ್ಲಹೋಮ ಕೊನೆಯ ಕ್ವಾರ್ಟರಿನಲ್ಲಿ 31–28ರಿಂದ ಮುಂದೆ ಹೋಯಿತು. ನೆಬ್ರಾಸ್ಕ ಇಂಚಿಂಚಾಗಿ 74 ಗಜ ಸಾಗಿತು. ಅಂಗಿ ಹರಿದು ಚಿಂದಿಯಾಗಿದ್ದ ಜೆಫ್ ಕಿನ್ನಿ ಇನ್ನು 98 ಸೆಕೆಂಡು ಉಳಿದಿರುವಾಗ ಗೆರೆ ದಾಟಿದ. 35–31.

ಇದು ಬರೀ ಅಂಕಪಟ್ಟಿಯಾಗಿದ್ದರೆ ಯಾರೂ ನೆನಪಿಡುತ್ತಿರಲಿಲ್ಲ. ಮುಂದಿನ ವರ್ಷವೂ ಅವರೇ ಬರುತ್ತಾರೆ, ಬಾಕಿ ತೀರಿಸುತ್ತಾರೆ ಎಂಬ ಖಾತ್ರಿ ಇತ್ತು. ಜಗಳ ಬದುಕಿದ್ದದ್ದೇ ಅದರಿಂದ. ಆ ಖಾತ್ರಿಯನ್ನು ವಿಶ್ವವಿದ್ಯಾಲಯಗಳೇ ಮಾರಿದವು.

1984ರಲ್ಲಿ ಸುಪ್ರೀಂ ಕೋರ್ಟ್, ಪಂದ್ಯಗಳ ಟಿವಿ ಹಕ್ಕಿನ ಮೇಲೆ ಎನ್‌ಸಿಎಎ ಸಂಸ್ಥೆಗಿದ್ದ ಹಿಡಿತವನ್ನು ತೆಗೆದುಹಾಕಿತು. ಆ ದಾವೆ ಹೂಡಿದವರಲ್ಲಿ ಓಕ್ಲಹೋಮ ವಿಶ್ವವಿದ್ಯಾಲಯವೂ ಒಂದು ಎಂಬುದನ್ನು ಗಮನಿಸಬೇಕು. ಅಲ್ಲಿಂದ ಯಾವ ಕಾಲೇಜು ಯಾವ ಗುಂಪಿಗೆ ಸೇರಿದರೆ ಟಿವಿಯವರು ಎಷ್ಟು ಕೊಡುತ್ತಾರೆ ಎಂಬುದೇ ಭೂಗೋಳವಾಯಿತು. 1996ರಲ್ಲಿ ಬಿಗ್ ಏಟ್ ಗುಂಪಿಗೆ ಟೆಕ್ಸಾಸಿನ ನಾಲ್ಕು ಕಾಲೇಜು ಸೇರಿ ಬಿಗ್ 12 ಆದಾಗ, ಈ ಎರಡು ತಂಡಗಳು ಬೇರೆ ಬೇರೆ ವಿಭಾಗಕ್ಕೆ ಬಿದ್ದವು. ದಶಕಗಳಿಂದ ವರ್ಷವರ್ಷ ನಡೆದ ಪಂದ್ಯ ನಾಲ್ಕು ವರ್ಷಕ್ಕೆ ಎರಡು ಸಲಕ್ಕಿಳಿಯಿತು. 2011ರಲ್ಲಿ ನೆಬ್ರಾಸ್ಕ ಬಿಗ್ ಟೆನ್‌ಗೆ ಹೋಯಿತು. ಅದೂ ನಿಂತಿತು.

ಆಟಗಾರರು ದುಡ್ಡು ಕೇಳಿದ್ದರಿಂದ ಹೀಗಾಯಿತು ಎಂದು ಗೊಣಗುವ ಅಭಿಮಾನಿಗಳೂ ಇದ್ದಾರೆ. ಅವರಿಗೆ ತಮ್ಮ ಹೆಸರಿನಿಂದ ಗಳಿಸುವ ಅನುಮತಿ ಸಿಕ್ಕಿದ್ದೇ 2021ರಲ್ಲಿ. ಮನೆ ಮುರಿದಾಗ ಅವರ ಜೇಬಿಗೆ ಬಿಡಿಗಾಸೂ ಬಂದಿರಲಿಲ್ಲ.

ಈ ಹಣದಿಂದಲೇ ಈಜು, ಕುಸ್ತಿ, ಹೆಣ್ಣುಮಕ್ಕಳ ಆಟಗಳು ನಡೆಯುತ್ತವೆ ಎನ್ನುವ ವಾದದಲ್ಲಿ ಹುರುಳಿದೆ. ಆದರೆ 2023ರಲ್ಲಿ ಟೆಕ್ಸಾಸ್ ಎ ಅಂಡ್ ಎಂ ತನ್ನ ಕೋಚ್ ಜಿಂಬೊ ಫಿಶರ್‌ನನ್ನು ಮನೆಗೆ ಕಳಿಸಲು ಒಪ್ಪಿಕೊಂಡ ಬಾಕಿ 7.5 ಕೋಟಿ ಡಾಲರಿಗೂ ಹೆಚ್ಚು. ಪೆಸಿಫಿಕ್ ದಂಡೆಯ ಸ್ಟ್ಯಾನ್‌ಫರ್ಡ್, ಬರ್ಕ್ಲಿ ಕಾಲೇಜುಗಳು 2024ರಿಂದ ಅಟ್ಲಾಂಟಿಕ್ ಕೋಸ್ಟ್ ಎಂಬ ಹೆಸರಿನ ಗುಂಪಿನಲ್ಲಿವೆ. ಹೆಣ್ಣುಮಕ್ಕಳ ವಾಲಿಬಾಲಿಗೆ ಆದ ಉಪಕಾರವೇನು ಎಂದು ಪರೀಕ್ಷೆಯ ವಾರದಲ್ಲಿ ಕ್ಯಾಲಿಫೋರ್ನಿಯದಿಂದ ಉತ್ತರ ಕೆರೊಲಿನಕ್ಕೆ ವಿಮಾನ ಹತ್ತುವ ಹುಡುಗಿಯನ್ನು ಕೇಳಬೇಕು.

2021ರ ಸೆಪ್ಟೆಂಬರಿನಲ್ಲಿ, ಆ ಪಂದ್ಯಕ್ಕೆ ಐವತ್ತು ತುಂಬಿದ ನೆಪದಲ್ಲಿ, ನೆಬ್ರಾಸ್ಕವನ್ನು ಮತ್ತೆ ನಾರ್ಮನ್ನಿಗೆ ಕರೆಸಿದರು. ಓಕ್ಲಹೋಮ 23–16ರಿಂದ ಗೆದ್ದಿತು. ಪರಂಪರೆಯ ಬಗ್ಗೆ ಭಾಷಣ ಮಾಡಿದ ಇದೇ ಸಂಸ್ಥೆ ಅದಕ್ಕೆ ಎರಡು ತಿಂಗಳ ಹಿಂದಷ್ಟೇ, ಜುಲೈನಲ್ಲಿ, ಬಿಗ್ 12 ತೊರೆದು ಎಸ್‌ಇಸಿ ಸೇರುವ ನಿರ್ಧಾರಕ್ಕೆ ಸಹಿ ಹಾಕಿತ್ತು. ಅದರ ಬೆಲೆ ತೆತ್ತದ್ದು ಅದೇ ರಾಜ್ಯದ ಓಕ್ಲಹೋಮ ಸ್ಟೇಟ್ ಜೊತೆಗಿನ, 1910ರಿಂದ ಒಂದು ವರ್ಷವೂ ತಪ್ಪದ ಪಂದ್ಯ. 2023ರ ನವೆಂಬರಿನಲ್ಲಿ ಸ್ಟಿಲ್‌ವಾಟರಿನಲ್ಲಿ ಅದರ ಕೊನೆಯ ಕಂತು ನಡೆಯಿತು. 27–24ರಿಂದ ಗೆದ್ದ ಊರಿನವರು ಮೈದಾನಕ್ಕೆ ನುಗ್ಗಿ ಗೋಲುಕಂಬಗಳನ್ನೇ ಕಿತ್ತುಹಾಕಿದರು.