ಹೊಡೆದ ಮಕ್ಕಳ ಗಾಯವನ್ನು ನೋಡುವವರಾರು?

2023ರ ಆಗಸ್ಟ್ ತಿಂಗಳಲ್ಲಿ ಉತ್ತರ ಪ್ರದೇಶದ ಮುಝಫ್ಫರ್‌ನಗರ ಜಿಲ್ಲೆಯ ಖುಬ್ಬಾಪುರ ಎಂಬ ಹಳ್ಳಿಯ ಶಾಲೆಯಲ್ಲಿ ನಡೆದ ಘಟನೆಯನ್ನು ಓದುಗರು ಮರೆತಿರಲಾರರು. ಮಗ್ಗಿ ಕಲಿತು ಬಂದಿಲ್ಲವೆಂಬ ಕಾರಣಕ್ಕೆ 7 ವರ್ಷದ ಮುಸ್ಲಿಮ್ ಬಾಲಕನೊಬ್ಬನನ್ನು ತರಗತಿಯಲ್ಲಿ ನಿಲ್ಲಿಸಿ, ಸಹಪಾಠಿಗಳಿಂದ ಒಬ್ಬರ ನಂತರ ಒಬ್ಬರಂತೆ ಅವನ ಕೆನ್ನೆಗೆ ಹೊಡೆಸಲಾಯಿತು. ಹೊಡೆಸಿದವರು ಅವನ ಶಿಕ್ಷಕಿ. ಆತನ ಧರ್ಮವನ್ನು ಉಲ್ಲೇಖಿಸಿ ಅವಹೇಳನದ ಮಾತುಗಳನ್ನಾಡಿದ್ದೂ ವೀಡಿಯೋದಲ್ಲಿ ದಾಖಲಾಯಿತು. ದೇಶದಾದ್ಯಂತ ಆಕ್ರೋಶ ವ್ಯಕ್ತವಾಯಿತು, ಮೊಕದ್ದಮೆ ದಾಖಲಾಯಿತು, ಟಿ.ವಿ. ಚಾನೆಲ್‌ಗಳಲ್ಲಿ ಚರ್ಚೆಗಳಾದವು. ನಂತರ ಎಲ್ಲರೂ ಮುಂದಿನ ಸುದ್ದಿಯತ್ತ ಹೊರಟುಹೋದರು.

ಆದರೆ ಆ ಪ್ರಕರಣದಲ್ಲಿ ಹೆಚ್ಚಿನವರು ಗಮನಿಸದೇ ಹೋದ ಒಂದು ಸಂಗತಿಯಿದೆ. ತುಷಾರ್ ಗಾಂಧಿಯವರು ಸಲ್ಲಿಸಿದ ಅರ್ಜಿಯ ಮೇಲೆ ಸುಪ್ರೀಮ್ ಕೋರ್ಟ್ 2023ರ ಸೆಪ್ಟೆಂಬರ್‌ನಲ್ಲಿ ನೀಡಿದ ಆದೇಶದಲ್ಲಿ ತನಿಖೆಯ ಮೇಲ್ವಿಚಾರಣೆಯ ಜೊತೆಗೆ, ಹೊಡೆತ ತಿಂದ ಬಾಲಕನಿಗೂ ಅವನಿಗೆ ಹೊಡೆದ ಮಕ್ಕಳಿಗೂ ತಜ್ಞರಿಂದ ಆಪ್ತ ಸಮಾಲೋಚನೆ ಕೊಡಿಸಬೇಕೆಂದು ನಿರ್ದೇಶಿಸಿತು. ರಾಜ್ಯ ಸರಕಾರದ ಆಮೆನಡಿಗೆಯನ್ನು ಕಂಡು, ಅದೇ ವರ್ಷದ ನವೆಂಬರ್‌ನಲ್ಲಿ ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಗೆ ಸಮಾಲೋಚನೆಯ ವಿಧಾನವನ್ನು ಸೂಚಿಸುವ ಹೊಣೆ ಒಪ್ಪಿಸಿತು. 2024ರ ಆರಂಭದಲ್ಲೂ, ಹೊಡೆದ ಮಕ್ಕಳಿಗೆ ಸಮಾಲೋಚನೆಯೇ ನಡೆದಿಲ್ಲವೆಂದು ನ್ಯಾಯಾಲಯವು ಮತ್ತೆ ಅಸಮಾಧಾನ ವ್ಯಕ್ತಪಡಿಸಬೇಕಾಯಿತು.

ಹೊಡೆದ ಮಕ್ಕಳಿಗೇಕೆ ಸಮಾಲೋಚನೆ ಎಂದು ನಮ್ಮಲ್ಲಿ ಅನೇಕರು ಕೇಳಿಯಾರು. ಆ ಮಕ್ಕಳೂ ಏಳೆಂಟು ವರ್ಷದವರೇ. ಗುರುವಿನ ಮಾತನ್ನು ಮೀರಬಾರದೆಂದು ಮನೆಯಲ್ಲಿ ಕಲಿತು ಬಂದವರು. ಆ ಗುರುವೇ ಎದ್ದು ಹೋಗಿ ಹೊಡೆ ಎಂದಾಗ, ತನ್ನ ಗೆಳೆಯನ ಕೆನ್ನೆಗೆ ಕೈಯೆತ್ತಿದ ಮಗುವಿನ ಮನಸ್ಸಿನಲ್ಲಿ ಏನು ಉಳಿದಿರಬಹುದು? ತಾನು ಮಾಡಿದ್ದು ಸರಿಯೆಂದು ಅದು ನಂಬಿದರೆ ಅಪಾಯ, ತಪ್ಪೆಂದು ಅರಿತು ಒಳಗೊಳಗೇ ನಲುಗಿದರೂ ಅಪಾಯ. ಅವನನ್ನು ಹೇಗೆ ಮಾತನಾಡಿಸಬೇಕೆಂದು ಪೊಲೀಸರಿಗೂ ಗೊತ್ತಿಲ್ಲ, ವಕೀಲರಿಗೂ ಗೊತ್ತಿಲ್ಲ. ಅದು ಗೊತ್ತಿರುವ ವ್ಯಕ್ತಿಯೊಬ್ಬರು ಆ ಶಾಲೆಯಲ್ಲಿ ಇರಲಿಲ್ಲ. ದೇಶದ ಬಹುಪಾಲು ಶಾಲೆಗಳಲ್ಲಿ ಈಗಲೂ ಇಲ್ಲ. ನಮ್ಮ ಸಮುದಾಯವೇ ನಡೆಸುವ ಶಾಲೆಗಳ ಸ್ಥಿತಿಯೂ ಇದಕ್ಕಿಂತ ಭಿನ್ನವೆಂದು ಹೇಳುವಂತಿಲ್ಲ.

ಶಾಲಾ ಮನಶ್ಶಾಸ್ತ್ರಜ್ಞ ಎಂದಾಕ್ಷಣ ಹುಚ್ಚಿನ ವೈದ್ಯ ಎಂಬ ಚಿತ್ರ ಹೆತ್ತವರ ಕಣ್ಣ ಮುಂದೆ ಬರುತ್ತದೆ. ಈ ವೃತ್ತಿ ಹುಟ್ಟಿದ ಬಗೆಯನ್ನು ತಿಳಿದರೆ ಆ ಭಯ ಹೋದೀತು. 1896ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ಲೈಟ್ನರ್ ವಿಟ್ಮರ್ ಎಂಬವರ ಬಳಿಗೆ ಶಿಕ್ಷಕಿಯೊಬ್ಬರು 14 ವರ್ಷದ ಹುಡುಗನನ್ನು ಕರೆತಂದರು. ಆತ ಬುದ್ಧಿವಂತ, ಆದರೆ ಎಷ್ಟು ಕಲಿಸಿದರೂ ಕಾಗುಣಿತ ಒಲಿಯದು. ವಿಟ್ಮರ್ ಪರೀಕ್ಷಿಸಿದಾಗ ಹುಡುಗನ ದೃಷ್ಟಿಯಲ್ಲೇ ದೋಷವಿರುವುದು ತಿಳಿಯಿತು. ಕನ್ನಡಕ ಕೊಡಿಸಿ, ಪ್ರತ್ಯೇಕವಾಗಿ ಪಾಠ ಹೇಳಿಸಲಾಯಿತು. ಅಲ್ಲಿ ಹುಚ್ಚೂ ಇರಲಿಲ್ಲ, ಔಷಧಿಯೂ ಇರಲಿಲ್ಲ. ಶಿಕ್ಷಕಿಯ ಪ್ರಾಮಾಣಿಕ ಕಳವಳ ಮತ್ತು ಮಗುವನ್ನು ದಂಡಿಸುವ ಮೊದಲು ಪರೀಕ್ಷಿಸುವ ವ್ಯವಧಾನ ಮಾತ್ರ ಇದ್ದವು. ಖುಬ್ಬಾಪುರದಲ್ಲಿಯೂ ವಿಷಯ ಮಗ್ಗಿಯದೇ ಆಗಿತ್ತು ಎಂಬುದನ್ನು ನೆನಪಿಡೋಣ.

ನಮ್ಮ ಮನೆಗಳ ಮಕ್ಕಳ ವಿಷಯದಲ್ಲಿ ಈ ವ್ಯವಧಾನದ ಅಗತ್ಯ ಇನ್ನೂ ಹೆಚ್ಚು. ಕರಾವಳಿಯ ಪಟ್ಟಣವೊಂದರ ಆರು ವರ್ಷದ ಮಗುವನ್ನು ಊಹಿಸಿಕೊಳ್ಳಿ. ಮನೆಯಲ್ಲಿ ಬ್ಯಾರಿ ಅಥವಾ ನವಾಯಿತಿ ಮಾತನಾಡುತ್ತದೆ. ಬೆಳಿಗ್ಗೆ ಮದ್ರಸದಲ್ಲಿ ಬಲದಿಂದ ಎಡಕ್ಕೆ ಅರಬಿ ಅಕ್ಷರಗಳನ್ನು ಓದುತ್ತದೆ. ಒಂಬತ್ತೂವರೆಗೆ ಶಾಲೆಯಲ್ಲಿ ಎಡದಿಂದ ಬಲಕ್ಕೆ ಇಂಗ್ಲಿಷ್, ಅದರ ಬೆನ್ನಿಗೇ ಒತ್ತಕ್ಷರಗಳ ಕನ್ನಡ. ಬಯಲುಸೀಮೆಯ ಉರ್ದು ಮನೆಮಾತಿನ ಮಗುವಿಗೂ ಹೆಚ್ಚುಕಡಿಮೆ ಇದೇ ಪಾಡು. ಮೂರು ಲಿಪಿಗಳನ್ನು ಏಕಕಾಲಕ್ಕೆ ಕಲಿಯುವ ಮಗು ಮೊದಲ ಎರಡು ವರ್ಷ ತಡವರಿಸಿದರೆ ಅದು ಸಹಜ. ಹೆಚ್ಚಿನ ಮಕ್ಕಳು ದಾಟಿ ಬರುತ್ತಾರೆ, ದಾಟಿ ಬಂದ ಮೇಲೆ ಇತರರಿಗಿಂತ ಸಂಪನ್ನರೇ ಆಗಿರುತ್ತಾರೆ. ಆದರೆ ಕೆಲವು ಮಕ್ಕಳು ದಾಟುವುದಿಲ್ಲ. ಅವರಲ್ಲಿ ಡಿಸ್ಲೆಕ್ಸಿಯಾದಂತಹ ನಿರ್ದಿಷ್ಟ ಕಲಿಕಾ ನ್ಯೂನತೆ ಇರಬಹುದು, ಕಿವಿ ಮಂದವಾಗಿರಬಹುದು, ಮನೆಯಲ್ಲಿ ನೆಮ್ಮದಿ ಇಲ್ಲದಿರಬಹುದು. ಭಾಷೆ ಬದಲಾದುದರಿಂದ ಉಂಟಾದ ತಡವರಿಕೆ ಯಾವುದು, ನಿಜವಾದ ನ್ಯೂನತೆ ಯಾವುದು ಎಂದು ಬೇರ್ಪಡಿಸುವುದು ಸಾಮಾನ್ಯ ಶಿಕ್ಷಕರ ಅಳವಿಗೆ ಮೀರಿದ ಕೆಲಸ. ಅರವತ್ತು ಮಕ್ಕಳ ತರಗತಿಯಲ್ಲಂತೂ ಅದನ್ನು ಅವರಿಂದ ನಿರೀಕ್ಷಿಸುವುದೇ ಅನ್ಯಾಯ. ಆಗ ಕೈಗೆಟಕುವ ಸುಲಭದ ಪದವೆಂದರೆ 'ದಡ್ಡ'. ಈ ಪದ ಹಣೆಗೆ ಅಂಟಿದ ಹುಡುಗ ಎಂಟನೆಯ ತರಗತಿಯ ಹೊತ್ತಿಗೆ ಶಾಲೆ ಬಿಟ್ಟು ಗ್ಯಾರೇಜ್ ಸೇರಿರುತ್ತಾನೆ. ಅವನಿಗೆ ಓದಿನಲ್ಲಿ ಆಸಕ್ತಿಯಿರಲಿಲ್ಲ ಎಂದು ನಾವು ಷರಾ ಬರೆದುಬಿಡುತ್ತೇವೆ.

ಬುದ್ಧಿಮತ್ತೆಯ ಪರೀಕ್ಷೆಗಳನ್ನೂ ಜಾಗರೂಕತೆಯಿಂದಲೇ ಬಳಸಬೇಕು. 1905ರಲ್ಲಿ ಫ್ರಾನ್ಸಿನ ಆಲ್ಫ್ರೆಡ್ ಬಿನೆ ಅಂತಹ ಪರೀಕ್ಷೆಯನ್ನು ರೂಪಿಸಿದ್ದು ಹೆಚ್ಚಿನ ನೆರವು ಬೇಕಾದ ಮಕ್ಕಳನ್ನು ಗುರುತಿಸುವುದಕ್ಕಾಗಿ. ನಮ್ಮ ನಾಡಿನ ವಿ.ವಿ. ಕಾಮತ್ ಎಂಬ ವಿದ್ವಾಂಸರು 1930ರ ದಶಕದಲ್ಲೇ ಅದನ್ನು ಧಾರವಾಡ ಭಾಗದ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗಿಸಿದ್ದರು. ಪರಕೀಯ ಭಾಷೆಯ ಅಳತೆಗೋಲಿನಿಂದ ಇಲ್ಲಿನ ಮಗುವನ್ನು ಅಳೆಯಬಾರದೆಂಬ ವಿವೇಕ ಅಂದೇ ಇತ್ತು ಎಂಬುದು ಹೆಮ್ಮೆಯ ವಿಷಯ. ವಿಪರ್ಯಾಸವೆಂದರೆ, ಅಂಕಪಟ್ಟಿಯೊಂದನ್ನೇ ಅಳತೆಗೋಲಾಗಿಸಿಕೊಂಡು 'ಎ' ವಿಭಾಗ, 'ಬಿ' ವಿಭಾಗ ಎಂದು ಮಕ್ಕಳನ್ನು ಜರಡಿ ಹಿಡಿಯುವ ಶಾಲೆಗಳಿಗೆ ಇಂದೂ ಬರವಿಲ್ಲ.

ಕಾನೂನಿನ ಕಡೆಯಿಂದ ಹೇಳುವುದಾದರೆ ಸವಲತ್ತುಗಳು ಇಲ್ಲದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ತನ್ನ 21 ವಿಭಾಗಗಳಲ್ಲಿ ಸೇರಿಸಿಕೊಂಡಿದೆ. ಪ್ರಮಾಣಪತ್ರವಿರುವ ಮಗುವಿಗೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯದಂತಹ ರಿಯಾಯಿತಿಗಳು ದೊರೆಯುತ್ತವೆ. ಆದರೆ ಮಗುವನ್ನು ಮೂರನೆಯ ತರಗತಿಯಲ್ಲೇ ಗುರುತಿಸಿ ಹೆತ್ತವರನ್ನು ಸರಿಯಾದ ಆಸ್ಪತ್ರೆಗೆ ಕಳುಹಿಸುವವರು ಶಾಲೆಯಲ್ಲಿಲ್ಲದಿದ್ದರೆ ಹತ್ತನೆಯ ತರಗತಿಯ ರಿಯಾಯಿತಿಯಿಂದ ಆಗುವ ಪ್ರಯೋಜನವಾದರೂ ಏನು?

ಇನ್ನು ಪರೀಕ್ಷೆಯ ಭಯ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಪ್ರಕಾರ 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು. ಅದೇ ವರ್ಷ ಪರೀಕ್ಷೆಯ ಸೋಲಿನ ಕಾರಣಕ್ಕೆಂದೇ ದಾಖಲಾದ ಆತ್ಮಹತ್ಯೆಗಳು 2,248. ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು 13ರಿಂದ 17 ವರ್ಷದೊಳಗಿನವರಲ್ಲಿ ಶೇ. 7.3ರಷ್ಟು ಮಂದಿಗೆ ಮಾನಸಿಕ ಸಮಸ್ಯೆಯಿದೆಯೆಂದು ಅಂದಾಜಿಸಿತ್ತು. ಈ ಲೆಕ್ಕದಲ್ಲಿ ಐನೂರು ಮಕ್ಕಳ ಪ್ರೌಢಶಾಲೆಯೊಂದರಲ್ಲಿ ಮೂವತ್ತಕ್ಕೂ ಮಿಕ್ಕಿ ಮಕ್ಕಳು ಒಳಗೊಳಗೇ ಬೇಯುತ್ತಿರಬಹುದು. ಮುಖ್ಯೋಪಾಧ್ಯಾಯರಿಗೆ ಅವರ ಪೈಕಿ ಒಬ್ಬರ ಹೆಸರೂ ತಿಳಿದಿರುವುದಿಲ್ಲ. ಏಕೆಂದರೆ ಅವರು ಗಲಾಟೆ ಮಾಡುವುದಿಲ್ಲ. ಗಲಾಟೆ ಮಾಡುವ ಮಗು ಎಲ್ಲರ ಕಣ್ಣಿಗೂ ಬೀಳುತ್ತದೆ. ಕೊನೆಯ ಬೆಂಚಿನಲ್ಲಿ ಮೌನವಾಗಿ ಕುಳಿತು, ಊಟದ ಡಬ್ಬಿಯನ್ನು ತೆರೆಯದೆಯೇ ಮನೆಗೆ ಮರಳಿಸುವ ಹುಡುಗಿಯನ್ನು ಗಮನಿಸುವುದಕ್ಕೆ ತರಬೇತಾದ ಕಣ್ಣು ಬೇಕು.

ಅಂತಹ ಹುಡುಗಿಯನ್ನು ನಾವು ಮೊದಲು ಕರೆದೊಯ್ಯುವುದೆಲ್ಲಿಗೆ? ಇಲ್ಲಿ ನಮ್ಮೊಳಗಿನ ಮಾತನ್ನು ನಾವೇ ಆಡಬೇಕಾಗಿದೆ. ಊಟ ಬಿಟ್ಟ, ನಿದ್ದೆ ಬಿಟ್ಟ ಮಗುವಿಗೆ ಜಿನ್ನ್ ಮೆಟ್ಟಿದೆ, ಯಾರೋ ಮಾಟ ಮಾಡಿಸಿದ್ದಾರೆ ಎನ್ನುವವರಿಗೆ ನಮ್ಮ ಪಟ್ಟಣಗಳಲ್ಲಿ ಕೊರತೆಯಿಲ್ಲ. ತಾಯತ, ಮಂತ್ರಿಸಿದ ನೀರು, ಸಾವಿರಾರು ರೂಪಾಯಿಗಳ ದಕ್ಷಿಣೆ ಎಲ್ಲ ಮುಗಿಯುವ ಹೊತ್ತಿಗೆ ಒಂದು ಶೈಕ್ಷಣಿಕ ವರ್ಷ ಕಳೆದಿರುತ್ತದೆ. ಪ್ರಾರ್ಥನೆಯಿಂದ ದೊರೆಯುವ ನೆಮ್ಮದಿಯನ್ನು ಯಾರೂ ಅಲ್ಲಗಳೆಯುತ್ತಿಲ್ಲ. ಆದರೆ ಚಿಕಿತ್ಸೆಯನ್ನು ತೊರೆಯಿರೆಂದು ಧರ್ಮ ಎಲ್ಲಿಯೂ ಹೇಳಿಲ್ಲ. 850ರಿಂದ 934ರ ತನಕ ಬದುಕಿದ್ದ ಅಬೂಝೈದ್ ಅಲ್ ಬಲ್ಖೀ ಎಂಬ ಮುಸ್ಲಿಮ್ ವಿದ್ವಾಂಸರು ದೇಹ ಮತ್ತು ಮನಸ್ಸುಗಳ ಆರೋಗ್ಯವನ್ನು ಜೊತೆಜೊತೆಯಾಗಿಯೇ ವಿವರಿಸುವ ಗ್ರಂಥ ರಚಿಸಿ, ದುಃಖ, ಭಯ, ಕೋಪ ಮತ್ತು ಕಾಡುವ ಯೋಚನೆಗಳಿಗೆ ಮಾತಿನ ಹಾಗೂ ಚಿಂತನೆಯ ಚಿಕಿತ್ಸೆಯನ್ನು ಸೂಚಿಸಿದ್ದರು. ಇಂತಹ ಪರಂಪರೆಯ ವಾರಸುದಾರರು ಇಂದು ಮಗಳ ಖಿನ್ನತೆಗೆ ನೂಲು ಕಟ್ಟಿಸುತ್ತಿರುವುದು ಖೇದಕರ. ಮನೋವೈದ್ಯರ ಬಳಿ ಹೋದರೆ ಮದುವೆಗೆ ತೊಡಕಾದೀತು ಎಂಬ ಅಂಜಿಕೆಯೂ ಇದರ ಹಿಂದಿದೆ. ಶಾಲೆಯೊಳಗೇ ಒಬ್ಬ ಸಮಾಲೋಚಕಿ ಇದ್ದರೆ ಈ ಅಂಜಿಕೆ ಅರ್ಧಕ್ಕರ್ಧ ತಗ್ಗುತ್ತದೆ. ಗ್ರಂಥಾಲಯಕ್ಕೆ ಹೋದಷ್ಟೇ ಸಹಜವಾಗಿ ಹುಡುಗಿ ಅವರ ಕೋಣೆಗೆ ಹೋಗಿ ಬರಬಹುದು.

ಅಲ್ಲಿ ಆಡಿದ ಮಾತು ಅಲ್ಲಿಯೇ ಉಳಿಯಬೇಕು ಎಂಬುದು ಈ ವೃತ್ತಿಯ ಜೀವಾಳ. ಮಗು ಹೇಳಿದ್ದನ್ನು ಸಂಜೆಯೇ ಶಿಕ್ಷಕರ ಕೋಣೆಯಲ್ಲಿ ಹರಟುವ, ಆಡಳಿತ ಮಂಡಳಿಗೆ ವರದಿ ಒಪ್ಪಿಸುವ ಸಮಾಲೋಚಕರಿಗಿಂತ ಇಲ್ಲದಿರುವುದೇ ಲೇಸು. ಇದಕ್ಕೆ ಅಪವಾದಗಳಿವೆ. ಮಗುವಿನ ಜೀವಕ್ಕೆ ಅಪಾಯವಿದ್ದರೆ ಹೆತ್ತವರಿಗೆ ತಿಳಿಸಲೇಬೇಕು. ಲೈಂಗಿಕ ದೌರ್ಜನ್ಯ ತಿಳಿದುಬಂದರೆ 2012ರ ಪೋಕ್ಸೋ ಕಾಯಿದೆಯ ಪ್ರಕಾರ ಪೊಲೀಸರಿಗೆ ವರದಿ ಮಾಡುವುದು ಕಡ್ಡಾಯ, ಮುಚ್ಚಿಡುವುದು ಅಪರಾಧ. ಸಂಸ್ಥೆಯ ಮರ್ಯಾದೆ, ಜಮಾಅತ್‌ನ ಮರ್ಯಾದೆ ಎಂಬ ನೆಪಗಳಿಗೆ ಕಾನೂನಿನಲ್ಲಿ ಅವಕಾಶವಿಲ್ಲ.

ಸಮಾಲೋಚನೆಯ ಹೆಸರಿನಲ್ಲಿ ಬೇರೇನೋ ನಡೆಯುವ ಅಪಾಯವನ್ನೂ ನಾವು ಕಂಡಿದ್ದೇವೆ. 2022ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ಹಿಜಾಬ್ ಧರಿಸಿದ ವಿದ್ಯಾರ್ಥಿನಿಯರನ್ನು ಕಾಲೇಜು ದ್ವಾರಗಳಲ್ಲಿ ತಡೆದಾಗ, ಅದನ್ನು ಕಳಚುವಂತೆ ಅವರನ್ನು ಒಪ್ಪಿಸುವ ಪ್ರಯತ್ನಗಳನ್ನೂ ಕೆಲವು ವರದಿಗಳು ಕೌನ್ಸೆಲಿಂಗ್ ಎಂದೇ ಕರೆದವು. ಅದು ಮನವೊಲಿಕೆ, ಇನ್ನೂ ನೇರವಾಗಿ ಹೇಳಬೇಕೆಂದರೆ ಒತ್ತಡ. ಸಮಾಲೋಚಕರು ಸಂಸ್ಥೆಯ ತೀರ್ಮಾನವನ್ನು ಮಗುವಿನ ಗಂಟಲಿಗೆ ಇಳಿಸುವ ದೂತರಲ್ಲ. ಹಾಗೆಯೇ ಖುಬ್ಬಾಪುರದ ಬಾಲಕನಿಗೆ ಸಮಾಲೋಚನೆ ಸಿಕ್ಕಿತೆಂಬ ಕಾರಣಕ್ಕೆ ಹೊಡೆಸಿದವರ ಮೇಲಿನ ಕ್ರಮ ಸಡಿಲವಾಗುವಂತಿಲ್ಲ. ಶಿಕ್ಷಣ ಹಕ್ಕು ಕಾಯಿದೆಯ 17ನೇ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಗಾಯಕ್ಕೆ ಮುಲಾಮು ಹಚ್ಚುವವರು ಬಂದರೆಂದು ಹೊಡೆದವನ ವಿಚಾರಣೆ ನಿಲ್ಲುವುದಿಲ್ಲವಷ್ಟೆ.

2025ರ ಜುಲೈ 25ರಂದು ಸುಪ್ರೀಮ್ ಕೋರ್ಟ್ ನೀಡಿದ ತೀರ್ಪೊಂದು ಈ ಚರ್ಚೆಯನ್ನು ಉಪದೇಶದ ಮಟ್ಟದಿಂದ ಕಾನೂನಿನ ಮಟ್ಟಕ್ಕೆ ಏರಿಸಿದೆ. ವಿಶಾಖಪಟ್ಟಣದಲ್ಲಿ ನೀಟ್ ಪರೀಕ್ಷೆಗೆ ಸಿದ್ಧತೆ ನಡೆಸುತ್ತಿದ್ದ 17 ವರ್ಷದ ವಿದ್ಯಾರ್ಥಿನಿಯ ಸಾವಿನ ಪ್ರಕರಣದಲ್ಲಿ, ಆಕೆಯ ತಂದೆಯ ಮೇಲ್ಮನವಿಯನ್ನು ಆಲಿಸಿದ ನ್ಯಾಯಮೂರ್ತಿಗಳಾದ ವಿಕ್ರಮ್ ನಾಥ್ ಮತ್ತು ಸಂದೀಪ್ ಮೆಹ್ತಾರ ಪೀಠವು ತನಿಖೆಯನ್ನು ಸಿಬಿಐಗೆ ಒಪ್ಪಿಸಿದ್ದಲ್ಲದೆ, ಎಲ್ಲ ಶಿಕ್ಷಣ ಸಂಸ್ಥೆಗಳಿಗೆ ಅನ್ವಯಿಸುವ ಮಾರ್ಗಸೂಚಿಗಳನ್ನು ನೀಡಿತು. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯು ಮಕ್ಕಳ ಹಾಗೂ ಹದಿಹರೆಯದವರ ಮಾನಸಿಕ ಆರೋಗ್ಯದಲ್ಲಿ ತರಬೇತಿ ಪಡೆದ ಒಬ್ಬ ಸಮಾಲೋಚಕ, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತರನ್ನಾದರೂ ನೇಮಿಸಬೇಕು. ಅದಕ್ಕಿಂತ ಸಣ್ಣ ಸಂಸ್ಥೆಗಳು ಹೊರಗಿನ ತಜ್ಞರೊಂದಿಗೆ ವಿಧಿವತ್ತಾದ ಸಂಪರ್ಕ ಇಟ್ಟುಕೊಳ್ಳಬೇಕು. ಸಿಬ್ಬಂದಿಗೆ ವರ್ಷಕ್ಕೆ ಎರಡು ಬಾರಿಯಾದರೂ ತರಬೇತಿ ನೀಡಬೇಕು. ಅಂಕಗಳ ಆಧಾರದಲ್ಲಿ ತಂಡಗಳನ್ನಾಗಿ ಪ್ರತ್ಯೇಕಿಸುವುದು, ಎಲ್ಲರೆದುರು ಹೀಯಾಳಿಸುವುದು ಕೂಡದೆಂದೂ ಅದು ಹೇಳಿದೆ.

ಆಡಳಿತ ಮಂಡಳಿಗಳ ಉತ್ತರ ಏನಿರುತ್ತದೆಂಬುದು ಗೊತ್ತಿರುವುದೇ: ಹಣವೆಲ್ಲಿದೆ? ಹೊಸ ಕಟ್ಟಡದ ಗ್ರಾನೈಟ್ ನೆಲಕ್ಕೂ ವಾರ್ಷಿಕೋತ್ಸವದ ಶಾಮಿಯಾನಕ್ಕೂ ಹಣವಿರುವ ಸಂಸ್ಥೆಗಳು ಈ ಪ್ರಶ್ನೆ ಕೇಳುವುದು ಶೋಭೆಯಲ್ಲ. ಆದರೆ ನಿಜವಾಗಿಯೂ ಕೊರತೆಯಲ್ಲಿ ನಡೆಯುತ್ತಿರುವ ಶಾಲೆಗಳೂ ಇವೆ. ಅಂತಹ ಮೂರು ನಾಲ್ಕು ಶಾಲೆಗಳು ಒಂದಾಗಿ ಪೂರ್ಣಾವಧಿಯ ಸಮಾಲೋಚಕಿಯೊಬ್ಬರನ್ನು ನೇಮಿಸಿಕೊಂಡು ವಾರದ ದಿನಗಳನ್ನು ಹಂಚಿಕೊಳ್ಳುವುದರಿಂದ ಆರಂಭಿಸಬಹುದು. ಹಲವು ಶಾಲೆಗಳು ಸಂಪನ್ಮೂಲವನ್ನು ಹಂಚಿಕೊಳ್ಳುವ ಯೋಚನೆ 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿಯೂ ಇದೆ. ಮನಶ್ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಉದ್ಯೋಗವಿಲ್ಲದೆ ಮನೆಯಲ್ಲಿರುವ ಹೆಣ್ಮಕ್ಕಳು ನಮ್ಮ ಸಮುದಾಯದಲ್ಲೇ ಇದ್ದಾರೆ. ವಿದ್ಯಾರ್ಥಿವೇತನ ಹಂಚುವ ಟ್ರಸ್ಟ್‌ಗಳು ಇಂಜಿನಿಯರಿಂಗ್ ಮತ್ತು ವೈದ್ಯಕೀಯದಾಚೆಗೂ ಒಮ್ಮೆ ಕಣ್ಣು ಹಾಯಿಸಲಿ. ಆದರೆ ಇತಿಹಾಸ ಪಾಠ ಮಾಡುವ ಶಿಕ್ಷಕಿಗೆ ಎರಡು ದಿನದ ಕಾರ್ಯಾಗಾರ ನಡೆಸಿ 'ಸಮಾಲೋಚಕಿ' ಎಂಬ ಫಲಕ ತಗುಲಿಸುವುದು, ವರ್ಷಕ್ಕೊಮ್ಮೆ ಪ್ರೇರಣಾ ಭಾಷಣಕಾರರನ್ನು ಕರೆಸಿ ಚಪ್ಪಾಳೆ ತಟ್ಟಿಸುವುದು ಮಾತ್ರ ಬೇಡ. ಅಂಕ ನೀಡುವ ಕೈಯ ಮುಂದೆ ಮಗು ಮನಸ್ಸು ಬಿಚ್ಚಿಡಲಾರದು.

ಬರುವ ಹೆತ್ತವರ ಸಭೆಯಲ್ಲಿ ಶುಲ್ಕ ಮತ್ತು ಸಮವಸ್ತ್ರದ ಮಾತು ಮುಗಿದ ಬಳಿಕ ಒಬ್ಬರಾದರೂ ಎದ್ದು ನಿಂತು, ನಮ್ಮ ಶಾಲೆಯ ಸಮಾಲೋಚಕರು ಯಾರು, ಅವರ ಅರ್ಹತೆಯೇನು, ಮಕ್ಕಳು ಅವರನ್ನು ಯಾವ ಕೋಣೆಯಲ್ಲಿ ಯಾವ ಹೊತ್ತಿಗೆ ಕಾಣಬಹುದು ಎಂದು ಕೇಳಲಿ. ಇಲ್ಲವೆಂದು ಉತ್ತರ ಬಂದರೆ 2025ರ ತೀರ್ಪಿನ ಪ್ರತಿಯನ್ನು ಲಿಖಿತ ಮನವಿಯೊಂದಿಗೆ ಕಚೇರಿಗೆ ಸಲ್ಲಿಸಲಿ. ನೇಮಕವಾಗುವವರೆಗೆ, ಕೇಂದ್ರ ಸರಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಎಂಬ ಉಚಿತ ಸಹಾಯವಾಣಿಯ 14416 ಎಂಬ ಸಂಖ್ಯೆಯನ್ನು ಪ್ರತಿ ತರಗತಿಯ ಗೋಡೆಯ ಮೇಲೆ, ಮಗುವಿನ ಕಣ್ಣಿನ ಎತ್ತರದಲ್ಲಿ, ಕನ್ನಡದಲ್ಲಿ ಬರೆಸುವುದಕ್ಕೆ ಒಂದು ಡಬ್ಬಿ ಬಣ್ಣ ಸಾಕು.